ಅತ್ತೆಯ ಮಾತ್ರೆ ಡಬ್ಬಿ

ವಯಸ್ಸಾದವರಿರುವ ಯಾವ ಮನೆಗೆ ಹೋದರೂ ದೇವರ ಪೆಟ್ಟಿಗೆಯಷ್ಟೇ ಜೋಪಾನ ಮಾಡುವ ಇನ್ನೊಂದು ಪೆಟ್ಟಿಗೆ ಇದ್ದೇ ಇರುತ್ತದೆ. ಅದೇ ಮಾತ್ರೆಗಳ ಡಬ್ಬಿ. ನಮ್ಮ ಮನೆಯಲ್ಲಿ ಅದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ನಮ್ಮತ್ತೆಯವರಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷವಾಯಿತು, ರಕ್ತದೊತ್ತಡ ಬಂದು ಹದಿನೈದು. ಮಂಡಿನೋವು ಯಾವಾಗ ಶುರುವಾಯಿತೋ ಅವರಿಗೇ ನೆನಪಿಲ್ಲ. ಇವು ಯಾವುವೂ ಪೂರ್ತಿ ವಾಸಿಯಾಗುವ ಕಾಯಿಲೆಗಳಲ್ಲ. ಮನೆಗೆ ಬಂದ ನೆಂಟರು ಹೋಗುವುದಿಲ್ಲ ಎಂದ ಮೇಲೆ ಅವರೊಡನೆ ಹೊಂದಿಕೊಂಡು ಬಾಳಬೇಕಲ್ಲ, ಹಾಗೆ.

ಆ ಡಬ್ಬಿಯ ಯಜಮಾನಿಕೆ ನನ್ನದು. ಬೆಳಿಗ್ಗೆ ಕಾಫಿಗೆ ಮುಂಚೆ ಯಾವುದು, ಊಟವಾದ ಮೇಲೆ ಯಾವುದು, ಮಲಗುವಾಗ ಯಾವುದು ಎಂದು ಬಾಯಿಪಾಠವಾಗಿತ್ತು. ಒಂದು ದಿನವೂ ತಪ್ಪಿಸಿದವಳಲ್ಲ. "ನಿಮ್ಮ ಸೊಸೆ ಎಷ್ಟು ಚೆನ್ನಾಗಿ ನೋಡ್ಕೋತಾಳೆ" ಎಂದು ಅಕ್ಕಪಕ್ಕದವರು ಅತ್ತೆಯ ಎದುರೇ ಹೇಳಿದಾಗ ನನಗೆ ಒಳಗೊಳಗೇ ಹಿಗ್ಗು. ಆ ಹಿಗ್ಗು ಒಂದೇ ರಾತ್ರಿಯಲ್ಲಿ ಇಳಿದುಹೋಯಿತು. ನನ್ನಂಥ ಸೋದರಿಯರಿಗೆ ಉಪಯೋಗವಾದೀತೆಂದು ಆ ಕಥೆ ಬರೆಯುತ್ತಿದ್ದೇನೆ.

ಏಕಾದಶಿಯ ರಾತ್ರಿ

2024ರ ಜುಲೈ 17, ಪ್ರಥಮ ಏಕಾದಶಿ. ಅತ್ತೆಗೆ ಆಗ 78 ವರ್ಷ. ಅವರು ಚಿಕ್ಕಂದಿನಿಂದ ಬಿಡದೆ ಮಾಡಿಕೊಂಡು ಬಂದ ಉಪವಾಸ ಅದು. ಬೆಳಿಗ್ಗೆ ಒಂದು ಬಾಳೆಹಣ್ಣು, ಸಂಜೆ ಅರ್ಧ ಲೋಟ ಹಾಲು, ಅಷ್ಟೇ. ಆದರೆ ಮಾತ್ರೆಗೆ ಉಪವಾಸ ಉಂಟೆ? "ಸಕ್ಕರೆ ಮಾತ್ರೆ ಮಾತ್ರ ಯಾವತ್ತೂ ತಪ್ಪಿಸಬೇಡಿ" ಎಂದು ಹಿಂದೊಮ್ಮೆ ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. "ಇವತ್ತು ಬೇಡ ಕಣೇ" ಎಂದು ಅತ್ತೆ ಎರಡು ಸಲ ಹೇಳಿದರೂ ಕೇಳದೆ ಬೆಳಿಗ್ಗೆ ಒಂದು, ರಾತ್ರಿ ಒಂದು ಕೊಟ್ಟೆ.

ರಾತ್ರಿ ಎರಡೂವರೆಗೆ ಬಚ್ಚಲುಮನೆಯ ಹತ್ತಿರ ಧಡ್ ಎಂದು ಸದ್ದು. ಓಡಿ ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ. ಹಣೆ ಒಡೆದಿತ್ತು. ಮೈಯೆಲ್ಲ ಬೆವರು, ಸೀರೆ ಒದ್ದೆಯಾಗಿತ್ತು. ನನ್ನನ್ನು ನೋಡಿ, ಹೋಗಿ ಮೂವತ್ತು ವರ್ಷವಾದ ತಮ್ಮ ಅಕ್ಕನ ಹೆಸರು ಹಿಡಿದು ಕರೆದರು. ನಮ್ಮ ಯಜಮಾನರು ಲಕ್ವವೇ ಹೊಡೆಯಿತು ಎಂದುಕೊಂಡರು. ಎದುರುಮನೆಯ ಆಟೋ ಎಬ್ಬಿಸಿ ಆಸ್ಪತ್ರೆಗೆ ಹೋದೆವು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 42!

"ಉಪವಾಸದ ದಿನ ಇಷ್ಟು ಮಾತ್ರೆ ಯಾರಮ್ಮಾ ಕೊಟ್ಟಿದ್ದು?" ಎಂದು ನರ್ಸಮ್ಮ ಕೇಳಿದಾಗ ನಾನು ತಲೆ ತಗ್ಗಿಸಿದೆ. ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಆ ಮಾತ್ರೆಯ ಶಕ್ತಿ ಬಹಳ ಹೊತ್ತು ಇರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು ಎಂದು ಮಾರನೆಯ ದಿನವೂ ಅಲ್ಲೇ ಇಟ್ಟುಕೊಂಡರು.

"ಚೀಟಿ ಬೇಡ, ಡಬ್ಬಿ ತನ್ನಿ"

ಸುದ್ದಿ ತಿಳಿದು ಬೆಂಗಳೂರಿನಿಂದ ಮೈದುನ ಬಂದ. "ಅತ್ತಿಗೆ, ದುಡ್ಡಿನ ಯೋಚನೆ ಮಾಡಬೇಡಿ. ಅಮ್ಮನ್ನ ದೊಡ್ಡ ಆಸ್ಪತ್ರೆಗೆ ಸೇರಿಸಿ ತಲೆಯಿಂದ ಕಾಲಿನವರೆಗೆ ಎಲ್ಲಾ ಟೆಸ್ಟ್ ಮಾಡಿಸಿಬಿಡೋಣ" ಎಂದ. ಅವನದು ತಾಯಿಯ ಮೇಲಿನ ಮಮತೆ, ತಪ್ಪು ಹೇಳಲಾರೆ. ಆದರೆ ಅಲ್ಲಿದ್ದ ಹಿರಿಯ ವೈದ್ಯರು, "ಹೊಸ ಪರೀಕ್ಷೆ ಆಮೇಲೆ ನೋಡೋಣ. ಮೊದಲು ಮನೆಯಲ್ಲಿರೋ ಮಾತ್ರೆ ಎಲ್ಲಾ ತನ್ನಿ. ಚೀಟಿ ಬೇಡ, ಡಬ್ಬಿ ತನ್ನಿ" ಎಂದರು.

ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಎಣಿಸಿದಾಗ ನಮಗೇ ಗಾಬರಿ. 11 ಬಗೆಯ ಮಾತ್ರೆ! ಬರೆದವರು ನಾಲ್ಕು ಜನ: ಸಕ್ಕರೆಗೆ ಒಬ್ಬರು, ಮಂಡಿಗೆ ಒಬ್ಬರು, ಹೃದಯಕ್ಕೆ ಒಬ್ಬರು, ಮತ್ತೆ ಜ್ವರ ನೆಗಡಿಗೆ ಹೋಗುವ ಬೀದಿ ಕೊನೆಯ ಕ್ಲಿನಿಕ್ಕಿನವರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲ ಗೊತ್ತಿದ್ದವಳು ನಾನೊಬ್ಬಳೇ. ನನಗೆ ಯಾವುದು ಯಾತಕ್ಕೆ ಎಂಬುದೇ ಗೊತ್ತಿರಲಿಲ್ಲ.

ಡಾಕ್ಟರು ಒಂದೊಂದೇ ಮಾತ್ರೆ ಎತ್ತಿ ಕೇಳುತ್ತಾ ಹೋದರು. ಆಗ ಒಂದು ಸರಪಣಿಯೇ ಹೊರಬಿತ್ತು. ಮಂಡಿನೋವಿಗೆಂದು ಡೈಕ್ಲೋಫೆನಾಕ್ ಎಂಬ ಮಾತ್ರೆಯನ್ನು 10 ದಿನಕ್ಕೆ ಬರೆದಿದ್ದರು. ನೋವು ಇಳಿಯಿತೆಂದು ನಾವೇ ಅಂಗಡಿಯಲ್ಲಿ ಕೊಂಡು 2 ವರ್ಷ ನುಂಗಿಸಿದ್ದೆವು. ಅದರಿಂದ ಹೊಟ್ಟೆ ಉರಿ ಬಂತು, ಗ್ಯಾಸ್ ಮಾತ್ರೆ ಸೇರಿತು. ಈ ಜಾತಿಯ ನೋವಿನ ಮಾತ್ರೆ ಮೈಯಲ್ಲಿ ಉಪ್ಪು ನೀರು ನಿಲ್ಲಿಸಿ ರಕ್ತದೊತ್ತಡ ಏರಿಸುತ್ತದೆ. ಏರಿದ್ದಕ್ಕೆ ಆಮ್ಲೋಡಿಪಿನ್ ಎಂಬ ಎರಡನೆಯ ಬಿ.ಪಿ. ಮಾತ್ರೆ ಬಂತು, ಅದರ ಪ್ರಮಾಣವೂ ಹೆಚ್ಚಿತು. ಅದರಿಂದಲೂ ಕಾಲು ಊದುವುದುಂಟು. ಊದಿದ ಕಾಲಿಗೆ ನೀರಿನ ಮಾತ್ರೆ. ನೀರಿನ ಮಾತ್ರೆಯಿಂದ ರಾತ್ರಿ ನಾಲ್ಕೈದು ಸಲ ಏಳುವುದು. ನಿದ್ದೆ ಕೆಟ್ಟಿತೆಂದು ನಿದ್ದೆ ಮಾತ್ರೆ. ಎದ್ದರೆ ತಲೆ ಸುತ್ತುತ್ತದೆ ಎಂದು ತಲೆಸುತ್ತಿನ ಮಾತ್ರೆ!

"ನೋಡಿ, ಇದರಲ್ಲಿ ಅರ್ಧದಷ್ಟು ಕಾಯಿಲೆಯ ಮದ್ದಲ್ಲ, ಮದ್ದಿನ ಮದ್ದು" ಎಂದರು ಡಾಕ್ಟರು. ಮೈದುನ ಮಾತಾಡದೆ ಕೂತ.

ವಯಸ್ಸಾದ ಮೈಯ ಲೆಕ್ಕವೇ ಬೇರೆ

ಅವರು ಅಂದು ತಿಳಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ನಾವು ನುಂಗಿದ ಎಷ್ಟೋ ಔಷಧಿಗಳನ್ನು ಮೂತ್ರಪಿಂಡ ಹೊರಗೆ ಹಾಕಬೇಕು. ವಯಸ್ಸಾದಂತೆ ಅದರ ಕೆಲಸ ನಿಧಾನವಾಗುತ್ತದೆ. ಆದ್ದರಿಂದ ಅಂಥ ಔಷಧಿ ಐವತ್ತು ವರ್ಷದವರಲ್ಲಿ ಇರುವುದಕ್ಕಿಂತ ಹೆಚ್ಚು ಹೊತ್ತು ಎಂಬತ್ತರ ಮೈಯಲ್ಲಿ ಉಳಿಯುತ್ತದೆ. ಐವತ್ತಕ್ಕೆ ಸರಿಯಾದ ಪ್ರಮಾಣ ಎಂಬತ್ತಕ್ಕೆ ಅತಿಯಾಗಬಹುದು. ಅತ್ತೆಯ ಮೂತ್ರಪಿಂಡದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.5 ಇತ್ತು. ನೋವಿನ ಮಾತ್ರೆ, ನೀರಿನ ಮಾತ್ರೆ, ಜೊತೆಗೆ ಟೆಲ್ಮಿಸಾರ್ಟನ್ ಜಾತಿಯ ಬಿ.ಪಿ. ಮಾತ್ರೆ, ಈ ಮೂರೂ ಕೂಡಿದರೆ ಮೂತ್ರಪಿಂಡಕ್ಕೆ ಬಹಳ ಶ್ರಮವಂತೆ.

ಅತ್ತೆಯ ಸಕ್ಕರೆ ಮಾತ್ರೆಯಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಔಷಧಿಯೂ ಸೇರಿತ್ತು. ಅಗ್ಗವಾದ, ಹಳೆಯ, ಕೆಲಸ ಮಾಡುವ ಔಷಧಿಯೇ. ಆದರೆ ಅದು 60 ದಾಟಿದವರಿಗೆ ತಕ್ಕದ್ದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಸೂಚನೆ ಇದೆ. ಊಟ ಮಾಡಲಿ ಬಿಡಲಿ, ಅದು ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ.

ನನಗೆ ಹೆಚ್ಚು ನಾಚಿಕೆ ತಂದ ಮಾತು ಇನ್ನೊಂದಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅತ್ತೆಗೆ 6.1 ಬಂದಾಗ ನಾನು ನಾದಿನಿಗೆ ಫೋನು ಮಾಡಿ ಜಂಬ ಕೊಚ್ಚಿಕೊಂಡಿದ್ದೆ. ಡಾಕ್ಟರು ಅದೇ ಕಾಗದ ನೋಡಿ, "ಈ ಮಾತ್ರೆ ತಗೊಳ್ಳೋ ಈ ವಯಸ್ಸಿನವರಿಗೆ ಇದು ಸಂತೋಷದ ವಿಷಯ ಅಲ್ಲಮ್ಮ, ಎಚ್ಚರಿಕೆ. ಇಷ್ಟೆಲ್ಲ ಕಾಯಿಲೆ ಇರೋವಾಗ 8ರ ಒಳಗಿದ್ರೆ ಸಾಕು" ಎಂದರು. ಸಕ್ಕರೆ ಸ್ವಲ್ಪ ಮೇಲಿದ್ದರೆ ಅದರ ಕೆಡುಕು ಬರಲು ಹಲವು ವರ್ಷ ಬೇಕು. ಅತಿಯಾಗಿ ಇಳಿದರೆ ಒಂದೇ ರಾತ್ರಿ ಸಾಕು. ನಾವು ಕಣ್ಣಾರೆ ಕಂಡೆವಲ್ಲ!

ಬಿ.ಪಿ.ಯನ್ನು ಅವರು ಎರಡು ಸಲ ನೋಡಿದರು. ಕೂತಾಗ 118, ನಿಲ್ಲಿಸಿ ಮೂರು ನಿಮಿಷದೊಳಗೆ ನೋಡಿದಾಗ 94. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಎದ್ದು ನಿಂತಾಗ ಮೆದುಳಿಗೆ ರಕ್ತ ಸಾಲದೆ ಬೀಳುವ ಭಯ ಇರುತ್ತದೆ. ಅಷ್ಟು ವರ್ಷಗಳಲ್ಲಿ ಅತ್ತೆಯನ್ನು ನಿಲ್ಲಿಸಿ ಬಿ.ಪಿ. ನೋಡಿದ್ದು ಅದೇ ಮೊದಲು.

ಎಲ್ಲ ಮುಗಿದ ಮೇಲೆ ಡಾಕ್ಟರು ಅತ್ತೆಯನ್ನೇ ಕೇಳಿದರು: "ಅಜ್ಜಿ, ಇವರೆಲ್ಲ ಹೇಳಿದ್ದಾಯ್ತು. ನಿಮಗೇನು ಬೇಕು ಹೇಳಿ." ಅತ್ತೆ ಒಂದು ಕ್ಷಣ ಯೋಚಿಸಿ, "ತುಳಸಿಕಟ್ಟೆಗೆ ನಾನೇ ನಡ್ಕೊಂಡು ಹೋಗಿ ನೀರು ಹಾಕಬೇಕಪ್ಪ. ರಾತ್ರಿ ಬಚ್ಚಲಿಗೆ ಹೋಗೋಕೆ ಯಾರನ್ನೂ ಎಬ್ಬಿಸಬಾರದು. ಇಷ್ಟಾದ್ರೆ ಸಾಕು" ಎಂದರು. ಇಪ್ಪತ್ತು ವರ್ಷದ ಚಿಕಿತ್ಸೆಯಲ್ಲಿ ಅವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹನ್ನೊಂದರಿಂದ ನಾಲ್ಕಕ್ಕೆ

ಒಂದೇ ದಿನ ಎಲ್ಲ ನಿಲ್ಲಿಸಲಿಲ್ಲ. ಗ್ಲಿಬೆನ್‌ಕ್ಲಮೈಡ್ ಮತ್ತು ನೋವಿನ ಮಾತ್ರೆ ಮೊದಲು ಹೋದವು. ಸಕ್ಕರೆಗೆ ಕಡಿಮೆ ಪ್ರಮಾಣದ ಮೆಟ್‌ಫಾರ್ಮಿನ್ ಒಂದೇ ಉಳಿಯಿತು. ನೋವಿನ ಮಾತ್ರೆ ಹೋದ ಮೇಲೆ ಗ್ಯಾಸ್ ಮಾತ್ರೆ ಬೇಕಾಗಲಿಲ್ಲ. ಬಿ.ಪಿ. ಮಾತ್ರೆಗಳಲ್ಲಿ ಆಮ್ಲೋಡಿಪಿನ್ ಅರ್ಧವಾಯಿತು, ಕಾಲಿನ ಊತ ಇಳಿಯಿತು, ನೀರಿನ ಮಾತ್ರೆಯೂ ಹೋಯಿತು. ನಿದ್ದೆ ಮಾತ್ರೆಯನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಆರು ವಾರ ತೆಗೆದುಕೊಂಡೆವು. ಮೊದಲ ಎರಡು ವಾರ ಅತ್ತೆ ರಾತ್ರಿಯೆಲ್ಲ ಹೊರಳಾಡಿದ್ದು ನಿಜ. ತಲೆಸುತ್ತು ತಾನಾಗಿ ಕಡಿಮೆಯಾಯಿತು, ಅದರ ಮಾತ್ರೆಗೂ ಕೆಲಸವಿಲ್ಲದಾಯಿತು. ಶಕ್ತಿ ಮಾತ್ರೆಯನ್ನೂ ಸುಮ್ಮನೆ ಬಿಡಿಸಲಿಲ್ಲ. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಿಗೆ ಬಿ12 ಜೀವಸತ್ವ ಕಡಿಮೆಯಾಗುವುದುಂಟೆಂದು ಪರೀಕ್ಷೆ ಮಾಡಿಸಿ, ಸರಿಯಾಗಿದೆ ಎಂದ ಮೇಲೆ ನಿಲ್ಲಿಸಿದರು.

ಹೃದಯಕ್ಕೆ "ಇರಲಿ" ಎಂದು ಕೊಡುತ್ತಿದ್ದ ಆಸ್ಪಿರಿನ್ ವಿಷಯ ಕೇಳಿ. ಅತ್ತೆಗೆ ಹೃದಯಾಘಾತವಾಗಲಿ ಲಕ್ವವಾಗಲಿ ಎಂದೂ ಆಗಿಲ್ಲ. ಇಂಥ ಆರೋಗ್ಯವಂತ ಹಿರಿಯರು, ಹೆಚ್ಚಿನವರು 70 ದಾಟಿದವರು, 19 ಸಾವಿರಕ್ಕೂ ಮೇಲ್ಪಟ್ಟು ಜನರನ್ನು ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ಪರೀಕ್ಷಿಸಿದ ಫಲ 2018ರಲ್ಲಿ ಹೊರಬಂತು. ಆಸ್ಪಿರಿನ್‌ನಿಂದ ಅವರ ಒಳ್ಳೆಯ ಆಯುಸ್ಸು ಹೆಚ್ಚಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು. ಆದರೆ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಓದಿ ತಮ್ಮ ಆಸ್ಪಿರಿನ್ ಬಿಡಬಾರದು. ಅವರ ಲೆಕ್ಕ ಬೇರೆ.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಮೆಟ್‌ಫಾರ್ಮಿನ್, ಬಿ.ಪಿ.ಗೆ ಎರಡು, ಕ್ಯಾಲ್ಸಿಯಂ, ಹೀಗೆ ನಾಲ್ಕು ಉಳಿದವು. ಮಂಡಿ ತೀರಾ ನೋಯುವ ದಿನ ಡಾಕ್ಟರು ಹೇಳಿದ ಮಿತಿಯಲ್ಲಿ ಪ್ಯಾರಸಿಟಮಾಲ್. ಕ್ರಿಯಾಟಿನಿನ್ 1.2ಕ್ಕೆ ಇಳಿಯಿತು.

ಕಟ್ಟಿಕೊಂಡ ಮಾತು

ಇಷ್ಟರ ನಡುವೆ ನನಗೆ ಬಂದ ಕಷ್ಟ ಮಾತ್ರೆಯದಲ್ಲ, ಮಾತಿನದು. "ಸೊಸೆ ಔಷಧಿ ಕಮ್ಮಿ ಮಾಡಿಸಿದಾಳಂತೆ" ಎಂದು ಬೀದಿಯಲ್ಲಿ ಗುಸುಗುಸು. ನಾದಿನಿ ಫೋನಿನಲ್ಲಿ ನೇರವಾಗಿಯೇ ಕೇಳಿದಳು: "ಖರ್ಚಾಗುತ್ತೆ ಅಂತ ಅಮ್ಮನ ಮಾತ್ರೆ ನಿಲ್ಲಿಸಿದ್ರಾ ಅತ್ತಿಗೆ?" ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವಳಿಗೆ ಈ ಮಾತೇ? ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಹೆಚ್ಚು ಮಾತ್ರೆ ಕೊಟ್ಟು ಬೀಳಿಸಿದಾಗ ನಾನು ಒಳ್ಳೆಯ ಸೊಸೆ, ಕಡಿಮೆ ಮಾಡಿ ನಡೆಯುವಂತಾದಾಗ ಕೆಟ್ಟವಳು!

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು. "ಏನೇ, ನನ್ನ ಹೊಟ್ಟೆಗೆ ಅನ್ನ ಇಳೀತಿರ್ಲಿಲ್ಲ, ಮಾತ್ರೆಯಲ್ಲೇ ತುಂಬಿಹೋಗ್ತಿತ್ತು. ಈಗ ಎರಡು ತುತ್ತು ರುಚಿಯಾಗಿ ತಿಂತಿದ್ದೀನಿ. ಅವಳನ್ನ ಏನೂ ಅನ್ನಬೇಡ" ಎಂದರು. ಆಮೇಲೆ ನಾದಿನಿ ಬಂದು ನಾಲ್ಕು ದಿನ ಇದ್ದು, ಕಣ್ಣಾರೆ ನೋಡಿ ಸಮಾಧಾನಪಟ್ಟುಕೊಂಡಳು.

ಇದರಿಂದ ನಾನು ಕಲಿತದ್ದು: ಇಂಥ ನಿರ್ಧಾರವನ್ನು ಸೊಸೆ ಒಬ್ಬಳೇ ಹೊರಬಾರದು. ಡಾಕ್ಟರ ಹತ್ತಿರ ಹೋಗುವಾಗ ಮಗನೋ ಮಗಳೋ ಜೊತೆಯಲ್ಲಿರಲಿ. ಯಾವ ಮಾತ್ರೆ ಯಾವ ದಿನ, ಯಾಕೆ ನಿಂತಿತು ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆಸಿಡಿ. ದೂರದಲ್ಲಿರುವ ಮಕ್ಕಳಿಗೆ ಅದರ ಫೋಟೋ ಕಳಿಸಿ.

ಗೃಹಿಣಿ ಮಾಡಬಹುದಾದದ್ದು

ಮಾತ್ರೆ ಕಡಿಮೆಯಾದಷ್ಟೂ ಮನೆಯ ಆರೈಕೆ ಹೆಚ್ಚಬೇಕು. ನಾವು ಮಾಡಿದ್ದು ಇಷ್ಟು:

ಬಚ್ಚಲ ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಗೋಡೆಗೆ ಹಿಡಿದುಕೊಳ್ಳುವ ಕಂಬಿ. ಜಾರುವ ಕಾಲೊರಸು ತೆಗೆದೆವು. ಎದ್ದ ಕೂಡಲೇ ನಡೆಯದೆ ಹಾಸಿಗೆಯಲ್ಲಿ ಒಂದೆರಡು ನಿಮಿಷ ಕೂತು ಏಳುವ ಅಭ್ಯಾಸ. ಮಂಡಿಗೆ ಬಿಸಿ ಕಾವು, ಜೊತೆಗೆ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೀಟಾಗಿ ಚಾಚಿ ಐದು ಎಣಿಸಿ ಇಳಿಸುವುದು, ದಿನಕ್ಕೆ ಎರಡು ಹೊತ್ತು ಹತ್ತು ಹತ್ತು ಸಲ. ತೊಡೆಯ ಬಲ ಹೆಚ್ಚಿದರೆ ಮಂಡಿಯ ಭಾರ ಇಳಿಯುತ್ತದೆ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತೀರಾ ಬಿಡಿಸಲಿಲ್ಲ, ಹಬ್ಬಕ್ಕೆ ಇಟ್ಟುಕೊಂಡೆವು. ಪೊಟ್ಯಾಸಿಯಂ ಸೇರಿಸಿದ "ಕಡಿಮೆ ಸೋಡಿಯಂ" ಉಪ್ಪನ್ನು, ಮೂತ್ರಪಿಂಡ ದುರ್ಬಲವಾಗಿರುವವರು ಮತ್ತು ಟೆಲ್ಮಿಸಾರ್ಟನ್‌ನಂಥ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಅತ್ತೆಗೆ ನಿಂಬೆರಸ, ಜೀರಿಗೆ, ಮೆಣಸಿನಪುಡಿಯೇ ಉಪ್ಪಿನ ಕೊರತೆ ತುಂಬಿತು.

ಸುಸ್ತು ಎಂದ ಕೂಡಲೇ "ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಬಿಡಿ" ಎನ್ನುವವರು ನಮ್ಮೂರಿನಲ್ಲಿ ಬಹಳ. ಸಾಮಾನ್ಯವಾಗಿ ಹಾಕುವ ಶೇಕಡ 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಎಂದರೆ ಐದಾರು ಟೀ ಚಮಚ ಸಕ್ಕರೆಯಷ್ಟು. ಬಾಯಲ್ಲಿ ಊಟ ಸೇರುವವರಿಗೆ ಶಕ್ತಿಗಾಗಿ ಅದು ಬೇಕಿಲ್ಲ. ಒಂದು ಬಟ್ಟಲು ಗಂಜಿ ಅದಕ್ಕಿಂತ ಮೇಲು. (ವಾಂತಿಭೇದಿಯಾಗಿ ಬಳಲಿದವರ ಮಾತು ಬೇರೆ.)

ರಾಗಿ-ಹೆಸರುಬೇಳೆ ಗಂಜಿ: 2 ದೊಡ್ಡ ಚಮಚ ಹೆಸರುಬೇಳೆಯನ್ನು ಹುರಿದು, ಅರ್ಧ ಬಟ್ಟಲು ಸೋರೆಕಾಯಿ ತುರಿ, ಚಿಟಿಕೆ ಅರಿಸಿನ, ಒಂದೂವರೆ ಲೋಟ ನೀರು ಹಾಕಿ ಮೆತ್ತಗೆ ಬೇಯಿಸಿ. 2 ದೊಡ್ಡ ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಇದಕ್ಕೆ ಸುರಿದು, ಕೈಬಿಡದೆ ತಿರುವುತ್ತಾ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಜಜ್ಜಿದ ಶುಂಠಿ, ಚಿಟಿಕೆ ಉಪ್ಪು ಹಾಕಿ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಕರಿಬೇವಿನ ಒಗ್ಗರಣೆ ಕೊಟ್ಟು ಇಳಿಸಿ. ಬಡಿಸುವಾಗ ನಿಂಬೆರಸ ಹಿಂಡಿ.

ಇದನ್ನು ಮರೆಯಬೇಡಿ

ಈ ಲೇಖನ ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಮೂರ್ಛೆರೋಗದ ಮಾತ್ರೆ, ಸ್ಟೀರಾಯ್ಡ್, ಹೃದಯದ ಬಡಿತ ನಿಧಾನ ಮಾಡುವ ಮಾತ್ರೆ, ಬಹಳ ದಿನ ತೆಗೆದುಕೊಂಡ ನಿದ್ದೆ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್ ಇವನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ನಮ್ಮದು ಕೇಳುವ ಕೆಲಸ, ಇಳಿಸುವುದು ಡಾಕ್ಟರ ಕೆಲಸ. ವರ್ಷಕ್ಕೆ ಎರಡು ಸಲವಾದರೂ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಹೀಗೆ ಕೇಳಿ:

1. ಈ ಮಾತ್ರೆ ಯಾತಕ್ಕೆ? ಎಷ್ಟು ದಿನಕ್ಕೆ?
2. ಈ ವಯಸ್ಸಿಗೆ ಈ ಪ್ರಮಾಣ ಬೇಕೇ?
3. ಈಗಿರುವ ತೊಂದರೆ ಇನ್ನೊಂದು ಮಾತ್ರೆಯಿಂದ ಬಂದದ್ದೇ?
4. ಉಪವಾಸ, ವಾಂತಿ, ಭೇದಿಯ ದಿನ ಯಾವುದನ್ನು ಬಿಡಬೇಕು?
5. ಈ ಪರೀಕ್ಷೆ ಮಾಡಿಸಿದರೆ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ?

ಸಕ್ಕರೆ ಕಾಯಿಲೆಯವರು ಇದ್ದಕ್ಕಿದ್ದಂತೆ ಬೆವರಿ, ನಡುಗಿ, ತೊದಲಿದರೆ ಅಥವಾ ಸಂಬಂಧವಿಲ್ಲದ ಮಾತಾಡಿದರೆ, ನುಂಗಲು ಎಚ್ಚರವಿದ್ದರೆ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನು ಮಾಡಿ.

ಅತಿಯಾದ ಚಿಕಿತ್ಸೆ ಬೇಡ ಎಂದರೆ ಚಿಕಿತ್ಸೆಯೇ ಬೇಡ ಎಂದಲ್ಲ. "ಈ ವಯಸ್ಸಿಗೆ ಯಾಕೆ" ಎಂದು ಎರಡು ವರ್ಷದಿಂದ ಮುಂದೂಡಿದ್ದ ಕಣ್ಣಿನ ಪೊರೆಯ ಆಪರೇಷನ್ ಅದೇ ಚಳಿಗಾಲದಲ್ಲಿ ಮಾಡಿಸಿದೆವು. ಬೇಡದ್ದನ್ನು ನುಂಗಿಸುತ್ತಾ, ಬೇಕಾದ್ದನ್ನು ಮುಂದೂಡುತ್ತಾ ಕೂತಿದ್ದೆವಲ್ಲ ಎಂದು ಈಗ ಅನ್ನಿಸುತ್ತದೆ.

ಅತ್ತೆಯ ಮಂಡಿ ಈಗಲೂ ನೋಯುತ್ತದೆ. ಸಕ್ಕರೆ ಒಮ್ಮೊಮ್ಮೆ ಏರುತ್ತದೆ. ಏಕಾದಶಿಗೆ ಹಣ್ಣು, ಹಾಲಿನ ಜೊತೆ ಸಬ್ಬಕ್ಕಿ ಉಪ್ಪಿಟ್ಟೂ ತಿನ್ನಲು ಒಪ್ಪಿಕೊಂಡಿದ್ದಾರೆ. ಆದರೆ ಬೆಳಿಗ್ಗೆ ತಂಬಿಗೆ ಹಿಡಿದು ತಾವೇ ತುಳಸಿಕಟ್ಟೆಗೆ ನಡೆದು ಹೋಗುತ್ತಾರೆ, ನಾನು ಕಿಟಕಿಯಿಂದ ನೋಡುತ್ತೇನೆ. ನಾಲ್ಕು ಮಾತ್ರೆಗೆ ಅಷ್ಟು ದೊಡ್ಡ ಡಬ್ಬಿ ಯಾಕೆಂದು ಅತ್ತೆ ಅದನ್ನು ಹೂಬತ್ತಿ ಇಡಲು ತೆಗೆದುಕೊಂಡಿದ್ದಾರೆ.

ಸೋದರಿಯರೇ, ಈ ವಾರ ಬಿಡುವಾದಾಗ ನಿಮ್ಮ ಮನೆಯ ಡಬ್ಬಿಯನ್ನೂ ಒಮ್ಮೆ ಮೇಜಿನ ಮೇಲೆ ಸುರಿದು ಎಣಿಸಿ ನೋಡಿ. ಹಾಗೆಯೇ ಮನೆಯ ಹಿರಿಯರನ್ನು, "ನಿಮಗೇನು ಬೇಕು?" ಎಂದು ಒಂದು ಮಾತು ಕೇಳಿ.